ಗಡ್ಡೆಗೆ ಮದ್ದು, ಮಂಕಿಗೆ ಬರೀ ಸಬರ್

ರಾಮಾಪುರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1992ನೇ ಇಸವಿ. ವೀರಪ್ಪನ್ ತಂಡ ಅಲ್ಲಿಯ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದ ವರ್ಷ ಅದು. ಆಗ ಕೊಳ್ಳೇಗಾಲ ತಾಲೂಕಿನಲ್ಲಿದ್ದು, ಈಗ ಹನೂರು ತಾಲೂಕಿಗೆ ಸೇರಿರುವ ಈ ಊರು ನಮಗೆ ಮಾತ್ರ ಖಾಲಾರ ಊರು. ಜಗಲಿಗೆ ಒರಗಿಸಿಟ್ಟ ರೇಷ್ಮೆಹುಳುವಿನ ಚಂದ್ರಿಕೆಗಳು, ಖಾಲಾರ ಸೊಂಟದಲ್ಲಿ ಎಲೆಅಡಿಕೆ ಚೀಲ, ಆ ಚೀಲದ ಮೂಲೆಯಲ್ಲೊಂದು ಕಡ್ಡಿಪುಡಿಯ ಪೊಟ್ಟಣ. ನಮ್ಮ ಬಾಲ್ಯದ ರಜೆಗಳು ಈ ವಾಸನೆಗಳಲ್ಲೇ ಕಳೆದವು.

ಇಪ್ಪತ್ತು ವರ್ಷಗಳ ಹಿಂದೆ ಖಾಲಾರ ಕೆನ್ನೆಯೊಳಗೆ ವಾಸಿಯಾಗದ ಹುಣ್ಣೊಂದು ಕಾಣಿಸಿಕೊಂಡಿತು. ಕ್ಯಾನ್ಸರ್ ಎಂದರು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಮೇಲೆ ಮೂವತ್ತು ದಿನ ‘ಕರೆಂಟು’ ಕೊಡಬೇಕೆಂದರು. ನಮ್ಮ ಕಡೆ ರೇಡಿಯೋಥೆರಪಿಗೆ ಜನ ಇಟ್ಟ ಹೆಸರದು. ಗುಣವಾಗುವ ಲಕ್ಷಣವಿದೆ ಎಂದು ಡಾಕ್ಟರರು ಹೇಳಿದ್ದರು. ಹದಿನಾಲ್ಕು ದಿನ ಮುಗಿಸಿ ಬಕ್ರೀದಿಗೆಂದು ಊರಿಗೆ ಬಂದ ಖಾಲಾ ಮತ್ತೆ ಬಸ್ಸು ಹತ್ತಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮೊಮ್ಮಗಳು ಬಂದು ಸೆರಗು ಎಳೆದರೂ ತಿರುಗಲಿಲ್ಲ. ಬೆಳಗಿನ ಜಾವ ಎರಡು ಗಂಟೆಗೇ ಎಚ್ಚರವಾಗಿ ಕತ್ತಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ‘ನಾನು ನಿಮಗೆಲ್ಲ ಹೊರೆ’ ಎಂದು ಒಮ್ಮೆ ಅಂದರು. ನಾವೆಲ್ಲ ಸುತ್ತ ಕೂತು ಹೇಳಿದ್ದು ಒಂದೇ ಮಾತು: ‘ಸಬರ್ ಕರೋ ಖಾಲಾ. ಈಮಾನ್ ಗಟ್ಟಿಯಾಗಿಟ್ಟುಕೊಳ್ಳಿ.’

ಪಕ್ಕದ ಮನೆಯ ಅಜ್ಜಿಯೊಬ್ಬರು ಒಂದು ದಿನ ನಮ್ಮನ್ನು ಅಂಗಳಕ್ಕೆ ಕರೆದು ಕೇಳಿದರು: ‘ಹುಣ್ಣು ಒಂದ್ ಕಡೆ ಇರ್‍ಲಿ ಕನಪ್ಪ. ನಿಮ್ ಚಿಕ್ಕಮ್ಮುಂಗೆ ಮಂಕು ಕವುದದೆ. ಅದ್ಕೇನ್ ಔಸ್ದಿ ಕೊಡ್ಸುದ್ರಿ?’

ಮಂಕಿಗೆ ಔಷಧಿಯೇ? ನಾವು ನಕ್ಕುಬಿಟ್ಟೆವು. ಕ್ಯಾನ್ಸರ್ ಬಂದವರು ದುಃಖಪಡದೆ ಇನ್ನೇನು ಮಾಡುತ್ತಾರೆ ಎಂದುಕೊಂಡೆವು. ಖಾಲಾ ಆ ವರ್ಷದ ಕೊನೆಯನ್ನು ನೋಡಲಿಲ್ಲ. ಅಜ್ಜಿಯ ಪ್ರಶ್ನೆ ಮಾತ್ರ ನಮ್ಮಲ್ಲೇ ಉಳಿಯಿತು. ಉತ್ತರ ಹುಡುಕುತ್ತ ಹೋದಾಗ ತಿಳಿದದ್ದು, ಆ ಪ್ರಶ್ನೆಗೆ ಸಾವಿರ ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ ಎಂಬುದು.

ಒಂದೇ ಪಿತ್ತದ ಎರಡು ಮಕ್ಕಳು

ಉರ್ದು ಶಾಲೆಯಲ್ಲಿ ನಾವು ಕ್ಯಾನ್ಸರಿಗೆ ಕಲಿತ ಹೆಸರು ‘ಸರತಾನ್’. ಹಾಗೆಂದರೆ ಏಡಿ. ಗ್ರೀಕರ ‘ಕಾರ್ಕಿನೋಸ್’ ಕೂಡ ಏಡಿಯೇ, ಲ್ಯಾಟಿನಿನ ‘ಕ್ಯಾನ್ಸರ್’ ಕೂಡ ಏಡಿಯೇ. ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡವು ಎಂಬುದು ಹಳೆಯ ವಿವರಣೆ. ಹೆಸರಿನ ಜೊತೆಗೆ ಒಂದು ಸಿದ್ಧಾಂತವೂ ಗ್ರೀಕರಿಂದ ಅರಬರಿಗೆ ಬಂತು. ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ ಎಂಬ ನಾಲ್ಕು ದ್ರವಗಳ ಸಮತೋಲನವೇ ಆರೋಗ್ಯ ಎಂಬ ಸಿದ್ಧಾಂತ. ಕ್ರಿ.ಶ. 2ನೇ ಶತಮಾನದ ಗ್ಯಾಲೆನ್ ಅದನ್ನು ಗಟ್ಟಿಗೊಳಿಸಿದ. 11ನೇ ಶತಮಾನದ ಆರಂಭದಲ್ಲಿ ಇಬ್ನ್ ಸೀನಾ ತನ್ನ ‘ಅಲ್ ಕಾನೂನ್ ಫಿತ್ತಿಬ್ಬ್’ ಗ್ರಂಥದಲ್ಲಿ ವಿಸ್ತರಿಸಿದ. ಯುನಾನಿ ಹಕೀಮರು ಇಂದಿಗೂ ಅದೇ ಪರಿಭಾಷೆ ಬಳಸುತ್ತಾರೆ.

ಈ ಲೆಕ್ಕದಲ್ಲಿ ಕರಿ ಪಿತ್ತಕ್ಕೆ ‘ಸೌದಾ’ ಎಂದು ಹೆಸರು. ಸೌದಾ ಕೆಟ್ಟು ಒಂದೆಡೆ ಗಟ್ಟಿಯಾದರೆ ಸರತಾನ್. ಅದೇ ಸೌದಾ ಮನಸ್ಸನ್ನು ಕವಿದರೆ ‘ಮಾಲಿಖೂಲಿಯಾ’, ಅಂದರೆ ವಿಷಣ್ಣತೆ. ಗಡ್ಡೆಯೂ ಮಂಕೂ ಒಂದೇ ತಾಯಿಯ ಮಕ್ಕಳು. ಉರ್ದುವಿನಲ್ಲಿ ಹುಚ್ಚು ಪ್ರೇಮಿಯನ್ನು ‘ಸೌದಾಯಿ’ ಎನ್ನುವುದು ಇದರಿಂದಲೇ. 18ನೇ ಶತಮಾನದ ಕವಿ ಮಿರ್ಜಾ ರಫೀ ಇದನ್ನೇ ಕಾವ್ಯನಾಮ ಮಾಡಿಕೊಂಡು ‘ಸೌದಾ’ ಎನಿಸಿದ. ಕನ್ನಡದಲ್ಲಿ ನಾವು ‘ಪಿತ್ತ ನೆತ್ತಿಗೇರಿತು’ ಎನ್ನುವುದಿಲ್ಲವೇ, ಮನಸ್ಸಿನ ಕಾಯಿಲೆಗೆ ದೇಹದ ದ್ರವ ಕಾರಣ ಎಂಬ ನಂಬಿಕೆ ಅಲ್ಲೂ ಅಡಗಿದೆ. ಇತ್ತ ಆಯುರ್ವೇದವೂ ಸುಮ್ಮನಿರಲಿಲ್ಲ. ಚರಕಸಂಹಿತೆಯ ಒಂದು ಪಟ್ಟಿಯಲ್ಲಿ, ರೋಗವನ್ನು ಉಲ್ಬಣಗೊಳಿಸುವ ಸಂಗತಿಗಳಲ್ಲಿ ವಿಷಾದಕ್ಕೇ ಮೊದಲ ಸ್ಥಾನ.

ಹೀಗೆಂದು ಹಳಬರು ದುಃಖವನ್ನೆಲ್ಲ ಪಿತ್ತದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. 9ನೇ ಶತಮಾನದ ತತ್ವಜ್ಞಾನಿ ಅಲ್ ಕಿಂದಿ ದುಃಖವನ್ನು ದೂರಮಾಡುವ ಉಪಾಯಗಳ ಬಗ್ಗೆಯೇ ಒಂದು ಕೃತಿ ಬರೆದ. ಆತನ ಶಿಷ್ಯ, ಬಲ್ಖಿನ ಅಬೂ ಝೈದ್ ಅಲ್ ಬಲ್ಖೀ (850-934) ಒಂದು ಹೆಜ್ಜೆ ಮುಂದೆ ಹೋದ. ಅವನ ಗ್ರಂಥಕ್ಕೆ ‘ದೇಹಗಳ ಮತ್ತು ಆತ್ಮಗಳ ಹಿತ’ ಎಂಬರ್ಥದ ಹೆಸರು. ವೈದ್ಯರು ದೇಹವನ್ನಷ್ಟೇ ನೋಡಿ ಮನಸ್ಸನ್ನು ಮರೆಯುತ್ತಾರೆ, ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ ಎಂಬುದು ಅವನ ಆಕ್ಷೇಪ. ಅವನು ದುಃಖವನ್ನು ವಿಂಗಡಿಸಿದ. ಎಲ್ಲರಿಗೂ ಬರುವ ಸಹಜ ದುಃಖ ಬೇರೆ. ಗೊತ್ತಿರುವ ಕಾರಣದಿಂದ ಬಂದು ಬೇರೂರುವ ದುಃಖ ಬೇರೆ. ಕಾರಣವೇ ಕಾಣದೆ ದೇಹದೊಳಗಿಂದ ಏಳುವ ದುಃಖ ಬೇರೆ. ಒಂದೊಂದಕ್ಕೂ ಬೇರೆ ಉಪಚಾರ.

ಅದೇ ಕಾಲಕ್ಕೆ, ಇಂದಿನ ಟ್ಯುನೀಷಿಯಾದ ಕೈರವಾನಿನಲ್ಲಿದ್ದ ವೈದ್ಯ ಇಸ್‍ಹಾಕ್ ಇಬ್ನ್ ಇಮ್ರಾನ್ ಮಾಲಿಖೂಲಿಯಾದ ಬಗ್ಗೆಯೇ ಪ್ರತ್ಯೇಕ ಗ್ರಂಥ ಬರೆದ. ಮಕ್ಕಳನ್ನು ಕಳೆದುಕೊಂಡವರು, ಪುಸ್ತಕಗಳನ್ನು ಕಳೆದುಕೊಂಡ ವಿದ್ವಾಂಸರು ಈ ಕಾಯಿಲೆಗೆ ತುತ್ತಾಗುವುದನ್ನು ಅವನು ಗುರುತಿಸಿದ್ದ. ಗ್ರಂಥ ಲ್ಯಾಟಿನಿಗೆ ಅನುವಾದವಾಗಿ ಯುರೋಪಿನ ವೈದ್ಯಶಾಲೆಗಳನ್ನೂ ತಲುಪಿತು. ಸಾವಿರ ವರ್ಷಗಳ ಹಿಂದಿನ ಈ ಹಕೀಮರಲ್ಲಿ ಯಾರೂ ಮಂಕು ಕವಿದವರನ್ನು ‘ಈಮಾನಿಲ್ಲದವರು’ ಎಂದು ಬೈದು ಮನೆಗೆ ಕಳುಹಿಸಲಿಲ್ಲ. ಅದನ್ನು ಕಾಯಿಲೆ ಎಂದು ಕರೆದರು, ಚಿಕಿತ್ಸೆ ಬರೆದರು.

ಕರಿ ಪಿತ್ತ ಸಿಗಲಿಲ್ಲ

1543ರಲ್ಲಿ ವೆಸಾಲಿಯಸ್ ಮನುಷ್ಯದೇಹವನ್ನು ಸೀಳಿ ನೋಡಿ ಅಂಗರಚನೆಯ ಮಹಾಗ್ರಂಥ ಪ್ರಕಟಿಸಿದ. ಆಮೇಲಿನ ಶತಮಾನಗಳಲ್ಲಿ ಎಷ್ಟೋ ಕತ್ತಿಗಳು ಎಷ್ಟೋ ದೇಹಗಳನ್ನು ಬಿಡಿಸಿದವು. ಕರಿ ಪಿತ್ತ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಗಡ್ಡೆ ಎಂದರೆ ಅಂಕೆ ತಪ್ಪಿ ಬೆಳೆದ ಜೀವಕೋಶಗಳು ಎಂಬುದು 19ನೇ ಶತಮಾನದಲ್ಲಿ ಸೂಕ್ಷ್ಮದರ್ಶಕದಡಿ ಗೊತ್ತಾಯಿತು. 1895ರಲ್ಲಿ ಎಕ್ಸ್‌ರೇ, 1898ರಲ್ಲಿ ರೇಡಿಯಂ, 1940ರ ದಶಕದಲ್ಲಿ ಕಿಮೊಥೆರಪಿ ಬಂದವು. ಗಡ್ಡೆಗೆ ಒಂದರ ಹಿಂದೆ ಒಂದು ಆಯುಧ ಸಿಕ್ಕಿತು.

ಆದರೆ ಕರಿ ಪಿತ್ತವನ್ನು ಬಿಸಾಡಿದಾಗ ಅದರ ಇನ್ನೊಂದು ಮಗುವೂ ಅನಾಥವಾಯಿತು. ಕ್ಯಾನ್ಸರ್ ರೋಗಿಯ ಮಂಕು ಯಾವ ವೈದ್ಯನ ಪಾಲಿಗೂ ಸೇರದೆ ಹೋಯಿತು. ಅದರ ಬಗ್ಗೆ ಮಾತನಾಡಲು ಮೊದಲು ರೋಗದ ಹೆಸರನ್ನಾದರೂ ಹೇಳಬೇಕಲ್ಲ? ಅದನ್ನೇ ಹೇಳುತ್ತಿರಲಿಲ್ಲ. 1961ರಲ್ಲಿ ಅಮೆರಿಕಾದ ಷಿಕಾಗೋದಲ್ಲಿ ವೈದ್ಯರನ್ನು ಕೇಳಿದಾಗ 100ಕ್ಕೆ 90 ಮಂದಿ ‘ಕ್ಯಾನ್ಸರ್ ಎಂದು ರೋಗಿಗೆ ಹೇಳುವುದಿಲ್ಲ’ ಎಂದಿದ್ದರು. 1979ರ ಇನ್ನೊಂದು ಸಮೀಕ್ಷೆಯ ಹೊತ್ತಿಗೆ ಚಿತ್ರ ತಿರುಗಿತ್ತು. 100ಕ್ಕೆ 97 ಮಂದಿ ಹೇಳುತ್ತೇವೆ ಎಂದರು. ನಮ್ಮ ಮನೆಗಳಲ್ಲಿ ಆ ಹಳೆಯ ಮೌನ ಇನ್ನೂ ಮುಗಿದಿಲ್ಲ. ಖಾಲಾರಿಗೆ ನಾವು ‘ಬಾಯಿಹುಣ್ಣು’ ಎಂದೇ ಹೇಳುತ್ತಿದ್ದೆವು. ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಅವರು ನಟಿಸಿದರು, ಗೊತ್ತಿಲ್ಲವೆಂದುಕೊಂಡು ನಾವು ನಟಿಸಿದೆವು. ಹೀಗೆ ಒಂದೇ ಸೂರಿನಡಿ ಎಲ್ಲರೂ ಒಂಟಿಯಾದೆವು.

ಹಳೆಯ ಸಿದ್ಧಾಂತದ ಒಂದು ತುಣುಕು ಮಾತ್ರ ಬೇರೆ ವೇಷದಲ್ಲಿ ಬದುಕಿ ಉಳಿಯಿತು. ದುಃಖವನ್ನು ಒಳಗೇ ನುಂಗುವವರಿಗೆ ಕ್ಯಾನ್ಸರ್ ಬರುತ್ತದೆ, ಮನಸ್ಸು ಗಟ್ಟಿಯಿದ್ದರೆ ಬರುವುದಿಲ್ಲ ಎಂಬ ಮಾತು. ಸ್ವತಃ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಅಮೆರಿಕಾದ ಲೇಖಕಿ ಸೂಸನ್ ಸಾಂಟಾಗ್ 1978ರ ತಮ್ಮ ಕೃತಿಯಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ರೋಗದ ಹೊರೆಯ ಮೇಲೆ ಅಪರಾಧದ ಹೊರೆಯನ್ನೂ ರೋಗಿಯ ತಲೆಗೇರಿಸುವ ಮಾತಿದು ಎಂಬುದು ಅವರ ವಾದ. 2010ರಲ್ಲಿ ಪ್ರಕಟವಾದ, ಸ್ವೀಡನ್ ಮತ್ತು ಫಿನ್ಲೆಂಡಿನ ಸುಮಾರು 60,000 ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೂ ವ್ಯಕ್ತಿಯ ಸ್ವಭಾವಕ್ಕೂ ಕ್ಯಾನ್ಸರ್ ಬರುವುದಕ್ಕೂ ಸಂಬಂಧ ಕಾಣಲಿಲ್ಲ. ಖಾಲಾರಿಗೆ ಕ್ಯಾನ್ಸರ್ ತಂದದ್ದು ಅವರ ದುಃಖವಲ್ಲ. ಕಡ್ಡಿಪುಡಿಯನ್ನು ಬಿಟ್ಟು ಸ್ವಭಾವವನ್ನು ದೂರಿ ಪ್ರಯೋಜನವಿಲ್ಲ.

ವಾರ್ಡಿನಲ್ಲಿ ಕುಣಿದ ಕ್ಷಯರೋಗಿಗಳು

ಹಾಗಾದರೆ ಮಂಕಿಗೆ ಔಷಧಿ ಎಲ್ಲಿಂದ ಬಂತು? ಅದು ಬಂದದ್ದು ಇನ್ನೊಂದು ಕಾಯಿಲೆಯ ವಾರ್ಡಿನಿಂದ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಸೋನಿಯಾಜಿಡ್, ಇಪ್ರೋನಿಯಾಜಿಡ್ ಎಂಬ ಹೊಸ ಮಾತ್ರೆಗಳನ್ನು ಕೊಟ್ಟು ನೋಡುತ್ತಿದ್ದರು. ಸಾವಿನ ದಾರಿ ಕಾಯುತ್ತಿದ್ದ ರೋಗಿಗಳು ಎದ್ದು ವಾರ್ಡಿನಲ್ಲಿ ಕುಣಿದರು. ಇಪ್ರೋನಿಯಾಜಿಡ್ ಮನಸ್ಸನ್ನೂ ಎತ್ತುತ್ತದೆ ಎಂಬುದು ಕ್ರಮೇಣ ಸ್ಪಷ್ಟವಾಗಿ, 1957ರಿಂದ ಅದು ಖಿನ್ನತೆಗೆ ಬಳಕೆಯಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ರೋಲಂಡ್ ಕುನ್ ಇಮಿಪ್ರಮಿನ್ ಎಂಬ ಇನ್ನೊಂದು ಔಷಧಿಯ ಗುಣವನ್ನು ವರದಿ ಮಾಡಿದ.

ಈ ಕಥೆಗೆ ನಮ್ಮ ದೇಶದ ಒಂದು ಎಳೆಯೂ ಕೂಡಿಕೊಂಡಿದೆ. ಹಕೀಮ್ ಅಜ್ಮಲ್ ಖಾನರು ಬೆಳೆಸಿದ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ 1931ರ ಸುಮಾರಿಗೆ ಸರ್ಪಗಂಧದ ಬೇರಿನಿಂದ ಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮರ ನೆನಪಿನಲ್ಲಿ ‘ಅಜ್ಮಲಿನ್’ ಎಂದು ಹೆಸರಿಟ್ಟರು. ಅದೇ ಬೇರಿನಿಂದ ಮುಂದೆ ಸಿಕ್ಕ ರಿಸರ್ಪಿನ್ ರಕ್ತದೊತ್ತಡಕ್ಕೆ ಪ್ರಸಿದ್ಧವಾಯಿತು. ಅದನ್ನು ಸೇವಿಸಿದ ಕೆಲವರು ಖಿನ್ನರಾದುದನ್ನು 1950ರ ದಶಕದ ವೈದ್ಯರು ವರದಿ ಮಾಡಿದರು. ಒಂದು ಮಾತ್ರೆ ಮಂಕನ್ನು ತರಬಲ್ಲದು, ಇನ್ನೊಂದು ಮಾತ್ರೆ ಕಳೆಯಬಲ್ಲದು. ಹಾಗಿದ್ದ ಮೇಲೆ ಮಂಕಿಗೂ ಮಿದುಳಿನ ರಸಾಯನಕ್ಕೂ ನಂಟಿರಲೇಬೇಕು ಎಂಬ ಯೋಚನೆ ಇಲ್ಲಿಂದ ಬೆಳೆಯಿತು. ಕರಿ ಪಿತ್ತದ ಊಹೆ ಸುಳ್ಳಾಗಿತ್ತು, ದೇಹ ಮತ್ತು ದುಃಖದ ನಂಟು ಸುಳ್ಳಾಗಿರಲಿಲ್ಲ.

ಕ್ಯಾನ್ಸರ್ ವಾರ್ಡಿಗೆ ಈ ತಿಳಿವು ಬರಲು ಇನ್ನೂ ಸಮಯ ಹಿಡಿಯಿತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ರೋಗಿಯ ನೋವು ದೇಹ, ಮನಸ್ಸು, ಸಂಸಾರ, ಆತ್ಮ ನಾಲ್ಕೂ ಸೇರಿದ ‘ಸಮಗ್ರ ನೋವು’ ಎಂದರು. 1977ರಲ್ಲಿ ಡಾ. ಜಿಮ್ಮಿ ಹಾಲಂಡ್ ಎಂಬ ಮಹಿಳೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮನೋವೈದ್ಯ ಸೇವೆ ಕಟ್ಟತೊಡಗಿದರು. 1983ರಲ್ಲಿ ಅಮೆರಿಕಾದ ಮೂರು ಕೇಂದ್ರಗಳ 215 ರೋಗಿಗಳನ್ನು ಪರೀಕ್ಷಿಸಿದಾಗ 100ಕ್ಕೆ 47 ಮಂದಿಯಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ಇದರಲ್ಲಿ ಹೆಚ್ಚಿನವು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಲಾಗದ ಸಂಕಟಗಳು. 94 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಆರರಲ್ಲೊಬ್ಬರಿಗೆ ಖಿನ್ನತೆಯ ಕಾಯಿಲೆ ಇರುತ್ತದೆ.

ಈ ಅಂಕಿಯನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಆರರಲ್ಲಿ ಐವರಿಗೆ ಅದು ಇರುವುದಿಲ್ಲ. ಅವರೂ ಅಳುತ್ತಾರೆ, ಹೆದರುತ್ತಾರೆ, ಆದರೆ ಮಗುವಿನ ಮಾತಿಗೆ ನಗುತ್ತಾರೆ. ‘ಕ್ಯಾನ್ಸರ್ ಬಂದ ಮೇಲೆ ಮಂಕು ಸಹಜ’ ಎಂದು ನಾವು ನಕ್ಕದ್ದು ಎಷ್ಟು ತಪ್ಪು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಹೊಸೂರು ರಸ್ತೆಯ ಎರಡು ಗೇಟುಗಳು

ಇದೆಲ್ಲ ಲಂಡನ್ ನ್ಯೂಯಾರ್ಕಿನ ಮಾತಾಯಿತು ಎನ್ನಬೇಡಿ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅಕ್ಕಪಕ್ಕದಲ್ಲೇ ಎರಡು ಸಂಸ್ಥೆಗಳಿವೆ. ಒಂದು ನಿಮ್ಹಾನ್ಸ್, ಇನ್ನೊಂದು ಕಿದ್ವಾಯಿ.

1925ರಲ್ಲಿ ಮೈಸೂರು ಸರ್ಕಾರ ‘ಲುನಾಟಿಕ್ ಅಸೈಲಮ್’ ಎಂಬ ಹೆಸರನ್ನು ಕೈಬಿಟ್ಟು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆಯಿತು. ಹುಚ್ಚರ ದೊಡ್ಡಿ ಎಂಬ ಭಾವನೆಯಿಂದ ಆಸ್ಪತ್ರೆ ಎಂಬ ಭಾವನೆಗೆ ಅದೊಂದು ಹೆಜ್ಜೆ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1926-41ರ ಅವಧಿಯಲ್ಲಿ ಹೊಸೂರು ರಸ್ತೆಯ ಈಗಿನ ಜಾಗದಲ್ಲಿ ಹೊಸ ಆಸ್ಪತ್ರೆ ಎದ್ದಿತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅದಕ್ಕೆ ಒಂದು ವರ್ಷ ಮೊದಲು, 1973ರಲ್ಲಿ, ಪಕ್ಕದಲ್ಲೇ ಕ್ಯಾನ್ಸರ್ ಆಸ್ಪತ್ರೆ ತೆರೆದಿತ್ತು. ಅದಕ್ಕಿಟ್ಟದ್ದು ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಮಂತ್ರಿ ರಫಿ ಅಹಮದ್ ಕಿದ್ವಾಯಿಯವರ ಹೆಸರು. ಗಡ್ಡೆಗೊಂದು ಗೇಟು, ಮನಸ್ಸಿಗೊಂದು ಗೇಟು.

ಈ ಎರಡು ಗೇಟುಗಳ ನಡುವೆ ಓಡಾಡಿದವರೂ ಇದ್ದಾರೆ. ನಿಮ್ಹಾನ್ಸಿನ ಮನೋವೈದ್ಯರಾದ ಡಾ. ಸಂತೋಷ್ ಚತುರ್ವೇದಿ, ಡಾ. ಪ್ರಭಾ ಚಂದ್ರ ಮತ್ತು ಅವರ ಸಂಗಡಿಗರು 1980-90ರ ದಶಕಗಳಿಂದ ಕ್ಯಾನ್ಸರ್ ರೋಗಿಗಳ ಮನಸ್ಸನ್ನು ಅಧ್ಯಯನ ಮಾಡಿದರು. ಕರೆಂಟು ಪಡೆಯುತ್ತಿದ್ದ ರೋಗಿಗಳ ಮಾನಸಿಕ ಸ್ಥಿತಿಯ ಬಗ್ಗೆ ಕಿದ್ವಾಯಿಯ ವೈದ್ಯರ ಜೊತೆ ಸೇರಿ 1998ರಲ್ಲಿ ಬರೆದರು. ಚತುರ್ವೇದಿಯವರು 1991ರಲ್ಲಿ ಪ್ರಕಟಿಸಿದ ಲೇಖನದ ಪ್ರಶ್ನೆ ಸರಳ: ಕ್ಯಾನ್ಸರಿನ ಸಂದರ್ಭದಲ್ಲಿ ಭಾರತೀಯರಿಗೆ ಬದುಕಿನಲ್ಲಿ ಯಾವುದು ಮುಖ್ಯ? ಮೈಯಲ್ಲಿ ಶಕ್ತಿ ಇರುವುದಕ್ಕಿಂತ ಮನಸ್ಸಿನ ನೆಮ್ಮದಿ, ಧಾರ್ಮಿಕ ತೃಪ್ತಿ, ಮನೆಮಂದಿಯ ಸುಖ ಮುಖ್ಯ ಎಂಬ ಉತ್ತರ ಬಂತು. ನೆಮ್ಮದಿಯೇ ಮೊದಲು ಎನ್ನುವ ಜನ, ನೆಮ್ಮದಿ ಕೆಟ್ಟಾಗ ಮಾತ್ರ ವೈದ್ಯರಿಗೆ ಹೇಳುವುದಿಲ್ಲ.

ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಹಾಸ್ಪೈಸ್ ಟ್ರಸ್ಟ್ 1999ರಲ್ಲಿ ‘ಕರುಣಾಶ್ರಯ’ವನ್ನು ತೆರೆದು, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಕೊಡತೊಡಗಿತು. ನಮ್ಮ ಚಾಮರಾಜನಗರ ಜಿಲ್ಲೆಯಿಂದ ಗುಂಡ್ಲುಪೇಟೆ, ಗೂಡಲೂರು ದಾಟಿ ಘಟ್ಟ ಇಳಿದರೆ ಕೇರಳದ ಮಲಪ್ಪುರಂ ಜಿಲ್ಲೆಯ ನಿಲಂಬೂರು. 1993ರಲ್ಲಿ ಕಲ್ಲಿಕೋಟೆಯಲ್ಲಿ ಶುರುವಾದ ನೋವುನಿವಾರಕ ಆರೈಕೆಯ ಚಳವಳಿ 2000ದ ಆಸುಪಾಸಿನಲ್ಲಿ ಆ ಜಿಲ್ಲೆಯ ಊರೂರಿಗೆ ಹಬ್ಬಿತು. ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ತರಬೇತಿ ಪಡೆದು ನೆರೆಮನೆಯ ರೋಗಿಯ ಬಳಿ ವಾರಕ್ಕೊಮ್ಮೆ ಕೂತರು. ಜನರ ಚಿಲ್ಲರೆ ದಾನದಿಂದಲೇ ಅದು ನಡೆಯಿತು. ಅವರು ಕೂತು ಉಪದೇಶ ಮಾಡಲಿಲ್ಲ. ಕೇಳಿಸಿಕೊಂಡರು. ನೋವು ಎಷ್ಟಿದೆ, ನಿದ್ದೆ ಬಂತೇ ಎಂದು ವಿಚಾರಿಸಿದರು.

ಸಬರಿನ ಅರ್ಥ

ಖಾಲಾರ ಮಂಕನ್ನು ನಾವು ಏಕೆ ಗುರುತಿಸಲಿಲ್ಲ? ಗುರುತಿಸುವುದು ಕಷ್ಟ, ನಿಜ. ಊಟ ಸೇರದಿರುವುದು, ತೂಕ ಇಳಿಯುವುದು, ಸುಸ್ತು, ನಿದ್ದೆಗೇಡು ಇವೆಲ್ಲ ಕ್ಯಾನ್ಸರಿನಿಂದಲೂ, ಅದರ ಚಿಕಿತ್ಸೆಯಿಂದಲೂ ಬರುತ್ತವೆ. ಆದ್ದರಿಂದ ವೈದ್ಯರು ಬೇರೆ ಗುರುತುಗಳನ್ನು ಹುಡುಕುತ್ತಾರೆ. ಇಷ್ಟವಾದದ್ದರಲ್ಲೂ ಸುಖ ಕಾಣದಿರುವುದು, ನಾನು ಹೊರೆ ಎಂಬ ಭಾವ, ಮಾಡದ ತಪ್ಪಿಗೆ ಪಶ್ಚಾತ್ತಾಪ, ಸತ್ತರೆ ಸಾಕು ಎಂಬ ಮಾತು, ಇದೆಲ್ಲ ಎರಡು ವಾರ ಬಿಡದೆ ಇರುವುದು. ಖಾಲಾರಲ್ಲಿ ಇವು ಕಣ್ಣಿಗೆ ಹೊಡೆಯುವಂತಿದ್ದವು. ಖಿನ್ನತೆ ಇರುವ ರೋಗಿಗಳು ಚಿಕಿತ್ಸೆಯ ಸಲಹೆ ಪಾಲಿಸದಿರುವ ಸಾಧ್ಯತೆ ಇತರರಿಗಿಂತ ಮೂರು ಪಟ್ಟು ಎಂದು 2000ದಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ಹಾಕಿದ ಲೆಕ್ಕ ಹೇಳುತ್ತದೆ. ಖಾಲಾ ಬಸ್ಸು ಹತ್ತದೇ ಹೋದದ್ದು ಹಟದಿಂದ ಎಂದು ನಾವು ತಿಳಿದಿದ್ದೆವು.

ಚಿಕಿತ್ಸೆ ಫಲಿಸುತ್ತದೆಯೇ? ಸ್ಕಾಟ್ಲೆಂಡಿನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನಗಳು ಎರಡು ಸಂಗತಿ ತಿಳಿಸಿದವು. ತೀವ್ರ ಖಿನ್ನತೆಯಿದ್ದ ಕ್ಯಾನ್ಸರ್ ರೋಗಿಗಳಲ್ಲಿ 100ಕ್ಕೆ 73 ಮಂದಿಗೆ ಅದಕ್ಕೆ ತಕ್ಕ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ತರಬೇತಾದ ನರ್ಸುಗಳು ಮನೋವೈದ್ಯರ ಮಾರ್ಗದರ್ಶನದಲ್ಲಿ ಔಷಧಿ ಮತ್ತು ಸಮಾಲೋಚನೆಯನ್ನು ನೋಡಿಕೊಂಡಾಗ, ಆರು ತಿಂಗಳೊಳಗೆ 100ಕ್ಕೆ 62 ಮಂದಿಯಲ್ಲಿ ಖಿನ್ನತೆ ಅರ್ಧಕ್ಕಾದರೂ ಇಳಿಯಿತು. ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಹಾಗಾದದ್ದು 17 ಮಂದಿಗೆ ಮಾತ್ರ. ಕೆಲಸ ನಡೆದದ್ದು ಹೆಚ್ಚಾಗಿ ನರ್ಸುಗಳಿಂದ ಎಂಬುದನ್ನು ಗಮನಿಸಬೇಕು. ಒಂದು ಎಚ್ಚರ: ಖಿನ್ನತೆಯ ಕೆಲವು ಮಾತ್ರೆಗಳು ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಔಷಧಿಯ ಬಲವನ್ನು ಕುಗ್ಗಿಸುತ್ತವೆ. ಎರಡೂ ಕಡೆಯ ವೈದ್ಯರಿಗೆ ಎಲ್ಲ ಮಾತ್ರೆಗಳನ್ನೂ ತೋರಿಸಲೇಬೇಕು.

ಇನ್ನು ಸಬರ್. ಈ ಶಬ್ದದಿಂದಲೇ ನಾವು ಖಾಲಾರ ಬಾಯಿ ಮುಚ್ಚಿಸಿದ್ದರಿಂದ ಅದರ ಬಗ್ಗೆಯೂ ಹೇಳಬೇಕು. ಕುರ್‌ಆನಿನಲ್ಲಿ ‘ಸುಂದರವಾದ ಸಹನೆ’ಯ ಮಾತು ಬರುವುದು ಪ್ರವಾದಿ ಯಾಕೂಬರ(ಅ) ಬಾಯಲ್ಲಿ. ಮಗನಿಗಾಗಿ ಕೊರಗಿ ಕೊರಗಿ ಕಣ್ಣು ಬೆಳ್ಳಗಾದದ್ದೂ ಅವರದೇ. ಸಹನೆ ಮತ್ತು ದುಃಖ ಒಂದೇ ಎದೆಯಲ್ಲಿದ್ದವು. ಬೀಬಿ ಖದೀಜಾ ಮತ್ತು ಅಬೂತಾಲಿಬ್ ತೀರಿಕೊಂಡ ಕ್ರಿ.ಶ. 619ನ್ನು ಇಸ್ಲಾಮಿನ ಚರಿತ್ರೆ ‘ಆಮುಲ್ ಹುಝ್ನ್’, ದುಃಖದ ವರ್ಷ, ಎಂದೇ ಕರೆಯುತ್ತದೆ. ಪ್ರವಾದಿಯವರ(ಸ) ದುಃಖಕ್ಕೆ ಚರಿತ್ರೆ ಹೆಸರಿಟ್ಟಿತು, ಮುಚ್ಚಿಡಲಿಲ್ಲ. ಹಾಗಿರುವಾಗ ರಾಮಾಪುರದ ಒಬ್ಬ ಹೆಂಗಸಿನ ಮಂಕನ್ನು ಈಮಾನಿನ ಕೊರತೆ ಎನ್ನಲು ನಮಗೆ ಅಧಿಕಾರ ಕೊಟ್ಟವರು ಯಾರು? ದುಆ ಮಾಡುವ ಕೈಯೇ ಮಾತ್ರೆಯನ್ನೂ ಕೊಡಬಹುದು. ಎರಡಕ್ಕೂ ಜಗಳವಿಲ್ಲ. ಸಬರ್ ಬೇಕಿದ್ದದ್ದು ನಮಗೆ. ಅವರ ಪಕ್ಕದಲ್ಲಿ ಕೂತು, ಕೇಳಿ, ಮತ್ತೆ ಬಸ್ಸಿಗೆ ಹತ್ತಿಸುವಷ್ಟು ಸಬರ್.

ಇಂದು ದಾರಿಗಳು ಹಿಂದಿಗಿಂತ ಹತ್ತಿರವಾಗಿವೆ. ನಮ್ಮದೇ ಜಿಲ್ಲೆಯ ಯಳಂದೂರು ತಾಲೂಕಿನಲ್ಲಿ, ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರ, ಮನಸ್ಸಿನ ಕಾಯಿಲೆಗಳ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಯಲ್ಲೇ ಕೊಡಬಹುದೆಂದು ತೋರಿಸಿತು. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿತು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಫೋನು ಮಾಡಿದರೆ ಸಾಕು, ಕನ್ನಡದಲ್ಲೇ ಮಾತನಾಡಬಹುದು. ಸತ್ತುಹೋಗಬೇಕು ಎಂದು ರೋಗಿ ಹೇಳಿದರೆ ಅದನ್ನು ಬಾಯಿಮಾತು ಎಂದು ಬಿಡದೆ ಅಂದೇ ಸಹಾಯ ಪಡೆಯಬೇಕು.

ಆದರೆ ಫೋನಿಗಿಂತ ಮೊದಲು ಮನೆಯವರು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ವೈದ್ಯರು ಬಳಸುವ ಪ್ರಶ್ನೆಗಳೇ ಅವು: ಈ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದೆಯೇ? ಯಾವುದರಲ್ಲೂ ಆಸಕ್ತಿ ಇಲ್ಲವಾಗಿದೆಯೇ? ನಾವು ಖಾಲಾರನ್ನು ಹುಣ್ಣು ಹೇಗಿದೆ ಎಂದು ದಿನವೂ ಕೇಳಿದೆವು. ಮನಸ್ಸು ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ಬಲ್ಖಿನ ಹಕೀಮ ಸಾವಿರದ ನೂರು ವರ್ಷಗಳ ಹಿಂದೆ ವೈದ್ಯರಿಗೆ ಕೇಳಿದ್ದನ್ನು ರಾಮಾಪುರದ ಅಕ್ಷರ ಬಾರದ ಅಜ್ಜಿ ನಮಗೆ ಕೇಳಿದ್ದರು. ಆ ಅಜ್ಜಿಯೂ ಈಗ ಇಲ್ಲ. ಅವರ ಪ್ರಶ್ನೆಗೆ ಇಂದು ನಮ್ಮಲ್ಲಿ ಉತ್ತರವಿದೆ: ಔಷಧಿ ಇದೆ ಅಜ್ಜಿ, ನಾವು ಕೊಡಿಸಲಿಲ್ಲ.